ಹಾಲಿನ ಗಾಡಿಯ ಹೊಸ ಬ್ಯಾಟರಿ

ತೊಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಹ್ಯಾರೋದ ನಾವು ಐದು ಮನೆಯವರು ಸೇರಿ ಷೇರು ಕೊಳ್ಳುವ ಕೂಟವೊಂದನ್ನು ಮಾಡಿಕೊಂಡಿದ್ದೆವು. ಎಲ್ಲರೂ ಧಾರವಾಡ, ಬೆಳಗಾವಿ ಕಡೆಯವರು; ಒಬ್ಬರು ಅಕೌಂಟೆಂಟರು, ಒಬ್ಬರು ಡಾಕ್ಟರು. ತಿಂಗಳಿಗೊಂದು ಭಾನುವಾರ ಊಟ ಮುಗಿಸಿ ಚರ್ಚೆಗೆ ಕೂರುವುದು. ಐದೂ ಮನೆಯವರು ಹೂಂ ಅಂದರೆ ಮಾತ್ರ ಕೊಳ್ಳುವುದು.

ಆ ಸಲ ನಮ್ಮ ಮನೆಯ ಸರದಿ. ಚರ್ಚೆಗೆ ಬಂದದ್ದು ಹೊಸ ನಮೂನೆಯ ಬ್ಯಾಟರಿ ಮಾಡುವ ಒಂದು ಕಂಪನಿ. ಹಗುರ, ಬೇಗ ಚಾರ್ಜ್ ಆಗುತ್ತದೆ, ನೀರು ಹಾಕುವ ರಗಳೆಯಿಲ್ಲ. ಮನೆಮನೆಗೆ ಹಾಲು ಹಂಚುವ ಕರೆಂಟಿನ ಗಾಡಿಗಳಿಗೇ ಮೊದಲು ಮಾರುತ್ತೇವೆಂದು ಅವರ ಪುಸ್ತಿಕೆಯಲ್ಲಿತ್ತು. ಓದಿ ನನಗೆ ಹೆದರಿಕೆಯಾಯಿತು. ನನ್ನ ಗಂಡ ಹಾಲಿನ ಡಿಪೋದಲ್ಲಿ ಅವೇ ಗಾಡಿಗಳ ಹಳೆಯ ಬ್ಯಾಟರಿಗಳಿಗೆ ನೀರು ಹಾಕಿ ನೋಡಿಕೊಳ್ಳುತ್ತಿದ್ದರು. ಆಸಿಡ್ ಬಿದ್ದು ತೂತಾಗದ ಪ್ಯಾಂಟು ಅವರಲ್ಲಿ ಒಂದೂ ಇರಲಿಲ್ಲ. ಹೊಸದು ಗೆದ್ದರೆ ಅವರ ಕೆಲಸ ಹೋದಂತೆಯೇ.

"ಇನ್ನೂ ಎರಡು ಕಂಪನಿ ಇದನ್ನೇ ಮಾಡಲಿಕ್ಕತ್ತಾವ, ಪೈಪೋಟಿ ಭಾಳ ಅದ," ಎಂದರು ಅಕೌಂಟೆಂಟರು. ಮೊದಲು ಬಂದವರೇ ಗೆಲ್ಲೋದು ಎಂದು ಡಾಕ್ಟರು ಪಟ್ಟು ಹಿಡಿದರು. ಅಲ್ಲಿದ್ದವರಲ್ಲಿ ಬ್ಯಾಟರಿಯನ್ನು ದಿನಾ ಮುಟ್ಟುವವರು ಒಬ್ಬರೇ, ಅವರನ್ನು ಮಾತ್ರ ಯಾರೂ ಕೇಳಲೊಲ್ಲರು. ನನಗೆ ಸಿಟ್ಟು ಬಂತು. ಅವರೇನು ಹೇಳಬಹುದೆಂಬ ಕುತೂಹಲವನ್ನೂ ತಡೆಯಲಾಗಲಿಲ್ಲ.

"ನಿಮಗೇನು ಅನಸ್ತದರಿ?" ಎಂದು ನಾನೇ ಕೇಳಿಬಿಟ್ಟೆ.

ಎಲ್ಲರೂ ಇವರತ್ತ ತಿರುಗಿದರು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಾನೆಯೇ ಎಂಬ ಅನುಮಾನ ಅವರ ಮುಖದ ಮೇಲೇ ಇತ್ತು.

"ಬ್ಯಾಟರಿ ಛಲೋ ಅದರಿ," ಎಂದರು ಇವರು. "ನಮ್ಮ ಡಿಪೋಕ್ಕ ತಂದು ತೋರಿಸ್ಯಾರ. ಚಳಿಯಾಗ ನಮ್ಮ ಹಳೇವಕ್ಕಿಂತ ಭೇಷ್ ಓಡ್ತದ. ಆದ್ರ ನಂದೊಂದು ಪ್ರಶ್ನಿ. ಮನಿ ಬಾಗಿಲಿಗೆ ಹಾಲು ತರಿಸೋರು ನಿಮ್ಮಾಗ ಯಾರ್ಯಾರು ಇದ್ದೀರಿ?"

ಯಾರೂ ಕೈ ಎತ್ತಲಿಲ್ಲ.

"ಗಾಡೀನೇ ಕಡಿಮಿ ಆಗಲಿಕ್ಕತ್ತಾವ. ಬ್ಯಾಟರಿ ಯಾರಿಗೆ ಮಾರ್ತಾರ?"

ಅಕೌಂಟೆಂಟರು ಪುಸ್ತಿಕೆ ಮಡಚಿಟ್ಟರು. ಷೇರಿನ ಮಾತು ಅಲ್ಲಿಗೇ ಮುಗಿಯಿತು.

ನಾನು ಚಹಾ ಮಾಡಲೆಂದು ಎದ್ದು ಹೋಗಿ ಫ್ರಿಜ್ ತೆರೆದೆ. ಮೊಸರಿಗೆ ಬಹಳ ಹಾಲು ಬೇಕು, ಅಲ್ಲಿ ಅಗ್ಗ ಎಂದು ಸೂಪರ್‌ಮಾರ್ಕೆಟ್ಟಿನಿಂದ ನಾನೇ ಹೊತ್ತು ತಂದ ಮೂರು ಪ್ಲಾಸ್ಟಿಕ್ ಕ್ಯಾನುಗಳು ಬಾಗಿಲಲ್ಲೇ ಸಾಲಾಗಿದ್ದವು. ನಾಚಿಕೆಯಾಯಿತು. ವರ್ಷಗಟ್ಟಲೆ ಆ ಹಾಲಿನ ಚಹಾ ಕುಡಿದೇ ಅವರು ಡಿಪೋಕ್ಕೆ ಹೋಗುತ್ತಿದ್ದರು. ಒಂದು ದಿನವೂ ನನಗೆ ಒಂದು ಮಾತು ಅಂದವರಲ್ಲ.