ಗಾಜಿನ ಹಿಂದಿನ ಸೋಫಾಗಳು

ಜಪಾನಿನ ಗ್ಯೋಟೋಕುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ ತಾವು ಓದಿದ ಕಾಲೇಜಿನ ಫುಟ್‌ಬಾಲ್ ಪಂದ್ಯ ಒಂದನ್ನೂ ಬಿಡುತ್ತಿರಲಿಲ್ಲ. ನನ್ನನ್ನೂ ನನ್ನ ಮಗಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ತಂಡ ಸೋಲುವ ಹಾಗಾದಾಗ ಕುತ್ತಿಗೆಯ ಟವಲನ್ನು ಬಿಗಿದುಕೊಂಡು, "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರು.

ಒಂದು ವರ್ಷ ಮೈದಾನದ ಒಳ್ಳೆಯ ಜಾಗದ ಬೆಂಚುಗಳನ್ನೆಲ್ಲ ಕಿತ್ತು, ಗಾಜು ಕೂರಿಸಿ, ಪ್ರೀಮಿಯಂ ಸೋಫಾಗಳನ್ನು ಹಾಕಿದರು. ಹಳಬರನ್ನೂ ಡೋಲು ಬಾರಿಸುವ ವಿದ್ಯಾರ್ಥಿಗಳನ್ನೂ ಮೂಲೆಗೆ ತಳ್ಳಿದರು. ಅದೂ ಸಾಲದೆಂಬಂತೆ ಮೊದಲ ಪಂದ್ಯದಲ್ಲೇ ಕೋಟು ಹಾಕಿದವನೊಬ್ಬ ಬಂದು ತಲೆಬಾಗಿ, "ಸುಮಿಮಾಸೆನ್, ಕ್ಷಮಿಸಿ, ಒಳಗಿನ ಅತಿಥಿಗಳಿಗೆ ತೊಂದರೆಯಾಗ್ತಿದೆ, ದಯವಿಟ್ಟು ಡೋಲು ನಿಲ್ಲಿಸಿ" ಎಂದ. ವಿದ್ಯಾರ್ಥಿಗಳು ನಿಲ್ಲಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಗಾಜಿನಾಚೆ ಆ ಅತಿಥಿಗಳು ಮೈದಾನಕ್ಕೆ ಬೆನ್ನು ಹಾಕಿ ಊಟ ಮಾಡುತ್ತಿದ್ದರು.

ಅಜ್ಜಿಯೂ ಅವನಿಗೆ ತಲೆಬಾಗಿದರು. ಆಮೇಲೆ ನೇರವಾಗಿ ಹೋಗಿ ಎರಡೂ ಅಂಗೈಗಳಿಂದ ಆ ಗಾಜನ್ನು ದಬದಬ ಬಡಿದರು. ಒಳಗಿದ್ದವರು ಬೆಚ್ಚಿ ತಿರುಗಿದರು.

"ಆಟ ಈ ಕಡೆ ನಡೀತಿದೆ" ಎಂದರು ಅಜ್ಜಿ.

ಅಜ್ಜಿಯನ್ನು ಮತ್ತೆ ಮೈದಾನದೊಳಗೆ ಬಿಡಲಿಲ್ಲ. ಮುಂದಿನ ಪಂದ್ಯದ ದಿನ ಅವರು ಬೇಲಿಯ ಹೊರಗೆ ನಿಂತರು. ವಿದ್ಯಾರ್ಥಿಗಳೂ ಒಳಗೆ ಹೋಗದೆ, ಡೋಲು ಸಮೇತ ಬಂದು ಅವರ ಪಕ್ಕದಲ್ಲೇ ನಿಂತು ಬಾರಿಸಿದರು. ಸೋಫಾದವರಿಗೂ ಕೇಳಿಸಿರಬೇಕು. ಕೇಳಿಸಲಿ.