ತಾಟಿನ ಮೇಲೆ ಅಡ್ಡ ಹಿಡಿದ ಕೈ

೧೯೯೧ರಲ್ಲಿ ನಾನು ಶಾಲೆಯನ್ನು ಎಂಟನೇ ಇಯತ್ತೆಯಲ್ಲಿ ಅರ್ಧಕ್ಕೆ ಬಿಟ್ಟೆ. ಅದೇ ವರ್ಷ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಹಿಂದಿನ ಗಲ್ಲಿಯ, ನಮ್ಮ ಕಡೆಯವರ ಖಾನಾವಳಿಯಲ್ಲಿ ಊಟಕ್ಕೆ ಕುಳಿತಾಗ ಮೊದಲು ಕಂಡದ್ದು ಒಂದು ಅಂಗೈ. ಹಳೆಯ ಚಪ್ಪಲಿಯ ಅಟ್ಟೆಯಂತೆ ದಪ್ಪಗಾಗಿದ್ದ ಆ ಅಂಗೈ, ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಇಕ್ಕಳವಿಲ್ಲದೆಯೇ ತಿರುವಿ ಹಾಕುತ್ತಿತ್ತು. ಆಮೇಲೆ ಆ ಹೆಂಗಸಿನ ಮುಖ ನೋಡಿದೆ. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು.

ಎರಡು ರೊಟ್ಟಿ ತಿಂದೆ. ಮೂರನೆಯದು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಹೊಟ್ಟೆಯೇನೂ ತುಂಬಿರಲಿಲ್ಲ. ಆದರೆ ಹೊಸ ಊರಿನಲ್ಲಿ, ಮೊದಲ ದಿನವೇ, ಹೊಟ್ಟೆಬಾಕ ಅನ್ನಿಸಿಕೊಳ್ಳುವ ಪೈಕಿ ನಾನಲ್ಲ. ಆಕೆ ಆ ಬಿಸಿ ರೊಟ್ಟಿಯನ್ನು ನನ್ನ ಕೈಯ ಮೇಲೆಯೇ ಹಾಕಿದರು. ಚುರ್ರೆಂದಿತು. ಕೈ ಎಳೆದುಕೊಂಡೆ, ರೊಟ್ಟಿ ತಾಟಿಗೆ ಬಿತ್ತು.

"ಸಾಕು ಅಂದ್ರೂ ಹಾಕ್ತೀರಲ್ರೀ!"

"ಬಾಯಿ ಸಾಕು ಅಂತು, ಬೆರಳು ಬೇಕು ಅಂದ್ವು. ನೋಡು, ಹೆಂಗ ಸಡಿಲ ಬಿಟ್ಟೀದಿ. ಹೊಟ್ಟಿ ತುಂಬಿದಾಂವ ಬೆರಳು ಕೂಡಿಸಿ ಹಿಡೀತಾನ. ನಾಚಿಕಿ ಕೈ ಬ್ಯಾರೆ, ತುಂಬಿದ ಕೈ ಬ್ಯಾರೆ. ಉಣ್ಣು ಸುಮ್ನ."

ಸುತ್ತ ಕುಳಿತಿದ್ದ ಹಮಾಲರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ರೊಟ್ಟಿ ಮಾತ್ರ ತಿಂದೆ.

ಎಲ್ಲರಿಗೂ ಅವರು ಕಾಕು, ಅಂದರೆ ಚಿಕ್ಕಮ್ಮ. ನಾನು ಮೂಟೆ ಹೊತ್ತೆ, ಲಾರಿಯಲ್ಲಿ ಕ್ಲೀನರ್ ಆದೆ, ಡ್ರೈವರ್ ಆದೆ, ಕೊನೆಗೆ ನನ್ನದೇ ಟೆಂಪೋ ಮಾಡಿಕೊಂಡು ರಾಂಜಣಗಾಂವದ ಕಾರ್ಖಾನೆಗಳಿಗೆ ಮಾಲು ಸಾಗಿಸತೊಡಗಿದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಇಷ್ಟೆಲ್ಲ ಆದರೂ ಕಾಕುವಿಗೆ ನಾನು ಅದೇ ಸಡಿಲ ಬೆರಳಿನ ಹುಡುಗ. ಮದುವೆಯಾದ ಮೇಲೂ ಮಧ್ಯಾಹ್ನ ಅಲ್ಲಿಗೇ ಹೋಗುತ್ತಿದ್ದೆ. "ಹೇಣ್ತಿ ಅಡಗಿ ಚಲೋ ಮಾಡ್ತಾಳೇನು? ಮತ್ತ ಇಲ್ಲಿ ಯಾಕ ಬಂದಿ?" ಎಂದು ನಾಲ್ಕು ಜನರ ಮುಂದೆ ಕೇಳುವರು. ಬಡಿಸುವಾಗ ಇನ್ನೊಂದು ರಾಗ: "ಶೇಂಗಾ ಹಿಂಡಿ ಇನ್ನೊಂಚೂರು ಹಚ್ಕೊ. ನಾಳೆ ನಾ ಸತ್ರ ಇದೂ ಸಿಗೂದಿಲ್ಲ." ತುತ್ತಿಗೊಮ್ಮೆ ಸಾವಿನ ಮಾತು ಕೇಳಿದರೆ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಗಲ್ಲಿಯಲ್ಲಿ ಯಾರು ತೀರಿಕೊಂಡರೂ ನನ್ನ ಟೆಂಪೋ ಕಾಕುವಿನ ಅಪ್ಪನ ಮನೆಯದು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ರೊಟ್ಟಿ ಬುಟ್ಟಿ, ಝುಣಕದ ಪಾತ್ರೆ ಏರಿಸಿಕೊಂಡು ಹೊರಡುವರು. ಒಮ್ಮೆ ಹಮಾಲನೊಬ್ಬ ಎದೆನೋವಿನಿಂದ ಹೋದ. ಅವನ ಹೆಂಡತಿ ತಾಟನ್ನು ಮುಟ್ಟಲೊಲ್ಲಳು, ಕೈ ಅಡ್ಡ ಹಿಡಿದೇ ಕುಳಿತಿದ್ದಳು. ಕಾಕು ಆ ಕೈ ನೋಡಿದರು, ಅದರ ಮೇಲೆಯೇ ರೊಟ್ಟಿ ಇಟ್ಟರು. "ಅಳಾಕೂ ಕಸುವು ಬೇಕವ್ವಾ. ಉಂಡು ಅಳು." ಅವಳು ಉಂಡಳು, ಆಮೇಲೆ ಗೋಡೆ ನಡುಗುವಂತೆ ಅತ್ತಳು.

ವಾಪಸು ಬರುವಾಗ ಕಾಕು ಅಂದರು: "ಹೋಗೋರನ್ನ ಹಿಡೀಬಾರ್ದು ತಮ್ಮಾ, ಇರೋರನ್ನ ಬಿಡಬಾರ್ದು." ನನಗೆ ಅವತ್ತಿನ ಬಾಡಿಗೆ ತಪ್ಪಿದ ಸಿಟ್ಟು. ಗೇರ್ ಬದಲಿಸಿದೆ.

೨೦೦೬ರಲ್ಲಿ ಅವರ ಅನ್ನನಾಳದಲ್ಲಿ ಗಡ್ಡೆ ಎಂದರು. ನೋಡನೋಡುತ್ತ ರೊಟ್ಟಿ ನಿಂತಿತು, ಅನ್ನ ನಿಂತಿತು, ಕೊನೆಗೆ ಅಂಬಲಿಯೂ ಇಳಿಯದಾಯಿತು. ಖಾನಾವಳಿಗೆ ಬೀಗ ಬಿತ್ತು. ಅವರ ಒಬ್ಬಳೇ ಮಗಳು ಮರಾಠಿ ಶಾಲೆಯಲ್ಲಿ ಟೀಚರ್. ನಾನು ಅಕ್ಕಾ ಎನ್ನುತ್ತಿದ್ದೆ. ಅಕ್ಕ ಶಾಲೆಗೆ ಹೋದಾಗ ಕಾಕುವಿನ ಹತ್ತಿರ ನಾನು ಕೂರುತ್ತಿದ್ದೆ. ಅಂಥದೊಂದು ದಿನ, ನೋವಿನ ಗುಳಿಗೆ ಅರೆದು ನೀರಲ್ಲಿ ಕಲಸುತ್ತಿದ್ದಾಗ, ಅವರು ಗುಳಿಗೆಯ ಡಬ್ಬಿಯ ಕಡೆ ಕಣ್ಣು ತೋರಿಸಿದರು.

"ಎಲ್ಲಾ ಒಮ್ಮೇ ಅರದು ಕೊಟ್ಟುಬಿಡು."

ಲೋಟ ನೆಲಕ್ಕೆ ಕುಕ್ಕಿದೆ. "ನಾ ಟೆಂಪೋ ಹೊಡ್ಯಾಂವ ಅದೀನ್ರಿ, ಯಮ ಅಲ್ಲ!"

"ಭಾಳ ಫರಕ ಇಲ್ಲ ಬಿಡು. ಅಂವಂದು ಕ್ವಾಣ, ನಿಂದು ಟೆಂಪೋ. ಎರಡೂ ಹೇಳಿದ ಟೈಮಿಗೆ ಬರೂದಿಲ್ಲ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ? "ನನ್ನ ಕೈಲೆ ಆಗೂದಿಲ್ರಿ ಕಾಕು. ಇನ್ನೊಮ್ಮೆ ಕೇಳಬ್ಯಾಡ್ರಿ."

ಅವರು ಡಬ್ಬಿಯಿಂದ ಕಣ್ಣು ತೆಗೆದರು. "ಆತು. ಕೊಡಬ್ಯಾಡ. ಆದ್ರ ತುರುಕಬ್ಯಾಡ್ರಿ. ನನ್ನ ಕೈ ನೋಡಿ ಬಡಸ್ರಿ. ಇಷ್ಟು ಮಾತು ಕೊಡು."

ಕೊಟ್ಟೆ. ಆ ಹೊತ್ತಿಗೆ ಅವರ ಬಾಯಿ ಮುಚ್ಚಿದರೆ ಸಾಕಾಗಿತ್ತು.

ವಾರ ಕಳೆಯಲಿಲ್ಲ, ಕಾಕು ಎಚ್ಚರ ತಪ್ಪಿದರು. ಅಕ್ಕ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ನಾನು ಶಿರೂರಿನಿಂದ ಗಾಡಿ ಓಡಿಸಿಕೊಂಡು ಬಂದಾಗ ಎಚ್ಚರವಾಗಿತ್ತು. ಮೂಗಿನಲ್ಲಿ ಹಾಲು ಬಿಡುವ ನಳಿಗೆ. ಎರಡು ಸಲ ಕಿತ್ತು ಹಾಕಿದರಂತೆ, ಅದಕ್ಕೆ ಎರಡೂ ಮಣಿಕಟ್ಟುಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಕಾದ ಹಂಚಿಗೆ ಹೆದರದ ಕೈ. ನನ್ನನ್ನು ಕಂಡು ಕಣ್ಣು ಕೆಕ್ಕರಿಸಿದರು. ಮಾತು ಕೊಟ್ಟವನು ಎಲ್ಲಿ ಹಾಳಾಗಿ ಹೋಗಿದ್ದೆ ಎಂಬ ಅರ್ಥ ಅದಕ್ಕೆ.

ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. ಗುಣವಾಗುವ ರೋಗವಲ್ಲ, ನಳಿಗೆಯಿದ್ದರೆ ಕೆಲವು ವಾರ, ಇಲ್ಲದಿದ್ದರೆ ಕೆಲವು ದಿನ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಯಾವುದು ಸರಿ ಸಾಹೇಬರೇ ಎಂದರೆ, ಅದನ್ನು ಮನೆಯವರೇ ಹೇಳಬೇಕು ಎಂದರು. ಅಷ್ಟೆಲ್ಲ ಓದಿದವರು ಗಂಟನ್ನು ಎಂಟನೇ ಇಯತ್ತೆಯವನ ಉಡಿಗೆ ಹಾಕಿ ಹೋದರು.

"ಬಿಚ್ಚೋಣ್ರಿ ಅಕ್ಕಾ," ಅಂದೆ.

ಅಕ್ಕ ಸಿಡಿದರು. "ನಿನಗೇನು ತಮ್ಮಾ, ನೀ ಹೊರಗಿನಾಂವ, ಬಿಚ್ಚಿ ಹೋಗ್ತಿ. ಊರಿಗೆಲ್ಲ ಉಣಿಸಿದಾಕೀನ ಮಗಳು ಉಪವಾಸ ಕೆಡವಿ ಕೊಂದ್ಲು ಅಂತಾರ ಮಂದಿ. ನಾಳೆ ನಾ ತುತ್ತು ಎತ್ತೂದು ಹೆಂಗ?"

"ಮಂದಿ ಬಂದು ಈ ಪಟ್ಟಿ ನೋಡ್ಯಾರೇನ್ರಿ?"

"ಅವ್ವಗ ಬುದ್ಧಿ ಸ್ಥಿಮಿತ ಇಲ್ಲ. ಹಸಿವಿ ತಿಳಿವಲ್ದು."

"ಒಂದು ಕೈ ಬಿಚ್ಚಿ ನೋಡೋಣ್ರಿ. ನೀವೇ ನೋಡ್ರಿ. ಖಾನಾವಳ್ಯಾಗ ಬೆಳದವರು ನೀವು."

ಅಕ್ಕ ಬೇಡ ಎನ್ನಲಿಲ್ಲ. ನರ್ಸಿಗೆ ಹೇಳಿ ಬಲಗೈಯ ಗಂಟು ಬಿಚ್ಚಿದೆ. ನಳಿಗೆ ಕಿತ್ತುಕೊಳ್ಳುತ್ತಾರೆಂದು ಹಿಡಿಯಲು ಕಾದು ನಿಂತೆವು. ಕೀಳಲಿಲ್ಲ. ಕೈ ನಿಧಾನವಾಗಿ ಮೇಲೆದ್ದು ಬಾಯಿಯ ಮುಂದೆ ಅಡ್ಡ ನಿಂತಿತು. ಬೆರಳುಗಳು ನಾಲ್ಕೂ ಕೂಡಿದ್ದವು, ನಡುವೆ ಒಂದು ಗೆರೆಯಷ್ಟೂ ಬೆಳಕಿರಲಿಲ್ಲ.

ಅಕ್ಕ ಬಹಳ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ತಾವೇ ಬಗ್ಗಿ ಎಡಗೈಯ ಗಂಟು ಬಿಚ್ಚಿದರು.

ನಳಿಗೆ ತೆಗೆಸಿ ನನ್ನ ಟೆಂಪೋದಲ್ಲೇ ಮನೆಗೆ ತಂದೆವು. ನೋವಿಗೆ ಡಾಕ್ಟರು ಹೇಳಿದ ಔಷಧ ಅವರು ಹೇಳಿದಷ್ಟೇ ಕೊಟ್ಟೆವು. ಬಾಯಿ ಒಣಗಿದಾಗ ಅರಿವೆ ಅದ್ದಿ ತುಟಿ ತೋಯಿಸಿದೆವು. ಕೈ ಅಡ್ಡ ಬಂದರೆ ಅದನ್ನೂ ನಿಲ್ಲಿಸಿದೆವು. ಗಲ್ಲಿಯ ಮಂದಿ ಬಾಗಿಲಿಗೆ ಬಂದು "ಗ್ಲೂಕೋಸ್ ಆದರೂ ಏರಿಸ್ರಿ, ಏನು ಜನಾನೋ" ಎಂದು ಹೋದರು. ಅವರಲ್ಲಿ ಅರ್ಧ ಮಂದಿ ಕಾಕುವಿನ ರೊಟ್ಟಿಯನ್ನು ತಮ್ಮ ಕೈಯ ಮೇಲೆ ಹಾಕಿಸಿಕೊಂಡವರೇ. ಜಗಳಕ್ಕೆ ಬಿದ್ದೆ. ಕಾಕು ಮಲಗಿದಲ್ಲಿಂದಲೇ ಹೊರಗೆ ಕಳಿಸಿರೆಂದು ಸನ್ನೆ ಮಾಡಿದರು, ಅವರನ್ನಲ್ಲ, ನನ್ನನ್ನು.

ಒಂದು ಮಧ್ಯಾಹ್ನ, ಖಾನಾವಳಿಯಲ್ಲಿ ಮೊದಲ ಪಂಕ್ತಿ ಕೂರುತ್ತಿದ್ದ ಹೊತ್ತಿಗೆ, ಕಾಕು ಹೋದರು. ನಮ್ಮ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಮಣ್ಣು ಮಾಡಿದೆವು.

ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ನನ್ನ ಹೆಂಡತಿ ರೊಟ್ಟಿ ಬಡಿದು ಕೊಟ್ಟಳು, ನಾನು ಒಯ್ದೆ. ಅಕ್ಕ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಬೇಡ ತಮ್ಮಾ, ಇಳಿಯೂದಿಲ್ಲ ಎಂದರು. ನೋಡಿದೆ. ಐದು ಬೆರಳು ಐದು ದಿಕ್ಕಿಗೆ. ರೊಟ್ಟಿಯನ್ನು ಆ ಕೈಯ ಮೇಲೆಯೇ ಇಟ್ಟೆ. ಅಕ್ಕ ಮೊದಲು ಬೈದರು, ಆಮೇಲೆ ತಿಂದರು.

ಮಾಡಿದ್ದು ಸರಿಯೋ ತಪ್ಪೋ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬೇಸತ್ತಿದ್ದೇನೆ. ಕಾಕುವಿನ ಮೇಲೂ ಸಿಟ್ಟಿದೆ. ಗಲ್ಲಿ ತುಂಬ ಜನ ಇರುವಾಗ ಮಾತು ತೆಗೆದುಕೊಳ್ಳಲು ನಾನೇ ಸಿಕ್ಕಿದೆನೇ?

ಈಗ ನನ್ನ ಹತ್ತಿರ ಎರಡು ಟೆಂಪೋ, ಎರಡು ಕೋಣೆಯ ಸ್ವಂತ ಮನೆ, ಹೆಂಡತಿ, ಇಬ್ಬರು ಮಕ್ಕಳು ಮತ್ತು ಅಕ್ಕ ಕೊಟ್ಟ ಕಾಕುವಿನ ಹಂಚು ಇವೆ. ಅದರ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.