ತಾಯಿತದ ಮೇಲಿನ ಹಲ್ಲಿನ ಗುರುತು

ಕಡಲು ದಡಕ್ಕೆ ನೂಕಿದ ಅಂಗಿಯನ್ನು ಕಂಡೂ ಕಾಣದಂತೆ ದಾಟಿ, ಮೀನಿನ ಚೌಕಾಸಿಗೆ ನಿಂತವರು ನೀವೇ ಅಲ್ಲವೆ? ನಿಮ್ಮ ಬೆನ್ನ ಹಿಂದೆ ಬಾಗಿ ಅದನ್ನು ಎತ್ತಿಕೊಂಡವಳು ಸೊಖ್ನಾ ಗೆಯ್.

ಸೆನೆಗಲ್ಲಿನ ಗೆತ್ ನ್ದಾರ್ ಮೀನುಗಾರರ ಕೇರಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮದುವೆಯ ಚಿತ್ರ ತೆಗೆದು ಬದುಕುವ ಸೊಖ್ನಾ ತನ್ನ ಕೋಣೆಯ ಚಾಪೆಯ ಮೇಲೆ, ಅದೇ ದಡದಲ್ಲಿ ಈಚೆಗೆ ಸಿಕ್ಕ ಚರ್ಮದ ತಾಯಿತವೊಂದನ್ನು ಇಟ್ಟಿದ್ದಾಳೆ. ಹೆಣದ ಮುಖದ ಚಿತ್ರವನ್ನು ಇಲ್ಲಿ ಯಾರೂ ಸಹಿಸರು. ವಲಸೆಯ ದೋಣಿ ಮುಳುಗಿದರೆ ಗುರುತಿಗೆ ಉಳಿಯುವುದು ಮೈಮೇಲಿನ ವಸ್ತು. ಅದನ್ನೂ ಪೊಲೀಸರು ಒಯ್ಯುತ್ತಾರೆ. ಊರಿಗೆ ದಕ್ಕುವುದು ಅವಳು ತೆಗೆದು ಗೋಡೆಗೆ ಅಂಟಿಸುವ ಚಿತ್ರವೊಂದೇ.

"ಏನೇ, ಸತ್ತೋರ ಸಾಮಾನಿಗೂ ಮದುವಣಗಿತ್ತಿ ಸಿಂಗಾರನಾ?" ನೆರೆಯ ಪೆಂದಾ ಬಾಗಿಲಲ್ಲಿ ನಿಂತು ಕೆಣಕುತ್ತಾಳೆ.

"ಆಚೆ ಸರಿ ಅಕ್ಕಾ. ನಿನ್ನ ನೆರಳು ಕೋಣೆನೇ ನುಂಗ್ತಿದೆ."

ಹಿಂದೊಮ್ಮೆ ಮಾಡಿದ ತಪ್ಪು ಸೊಖ್ನಾಳನ್ನು ಇರಿಯುತ್ತಲೇ ಇದೆ. ಇದೇ ದಡದಲ್ಲಿ ದೊರೆತ ಬೇರೊಂದು ಅಂಗಿಯನ್ನು, ಸತ್ತವನ ವಸ್ತು ಕೊಳೆಯಾಗಿರಬಾರದೆಂಬ ಮರ್ಯಾದೆಯಿಂದ ಯಾರೋ ಒಗೆದು ಇಸ್ತ್ರಿ ಮಾಡಿ ತಂದರು. ಅವಳೂ ಫ್ಲ್ಯಾಶ್ ಹಾಕಿ ಚಿತ್ರ ತೆಗೆದಳು. ಮಡಿಕೆಯಿಲ್ಲ, ಸವಕಲಿಲ್ಲ, ನೆರಳೂ ಇಲ್ಲ. ದೋಣಿ ಹತ್ತಿ ಹೋದ ಮಗನ ದಾರಿ ಕಾಯುತ್ತಿದ್ದ ಅರಾಮ್ ಸೆಕ್ ಎಂಬ ತಾಯಿ ಆ ಚಿತ್ರ ನೋಡಿ, ಮಗನ ಅಂಗಿಯ ಗುರುತೇ ಹತ್ತದೆ, "ಇದು ನನ್ನ ಮಗಂದಲ್ಲ" ಎಂದು ಹೊರಟುಹೋದಳು. ಅಂದಿನಿಂದ ಮಗ ಇಸ್ಸಾ ಬದುಕಿದ್ದಾನೆಂದೇ ನಂಬಿ ಅವನಿಗೆ ದಿನವೂ ಅನ್ನ ಎತ್ತಿಡುತ್ತಾಳೆ; ಸೊಸೆಯನ್ನು ಅಳಲೂ ಬಿಡುವುದಿಲ್ಲ.

ಸೊಖ್ನಾ ಬಾಗಿಲನ್ನು ಅರ್ಧ ಮುಚ್ಚುತ್ತಾಳೆ. ಎಳೆಬಿಸಿಲು ನೆಲಕ್ಕೊರಗಿ ಪಕ್ಕದಿಂದ ಹರಿದುಬರುತ್ತದೆ. "ನೆರಳು ಕಪ್ಪಾದ್ರೆ ಗೋರಿ ಕಂಡಂಗೆ ಮುಖ ತಿರುಗಿಸ್ತಾರೆ. ಬೆಳಕು ಜಾಸ್ತಿಯಾದ್ರೆ ಅಂಗಡಿ ಮಾಲು. ಸ್ನಾನಕ್ಕೆ ಹೋದೋನು ಬಿಚ್ಚಿಟ್ಟಂಗೆ ಕಾಣ್ಬೇಕು. ಆಗ ಮನೆಯೋರು ನೋಡ್ತಾರೆ," ಎಂದು ಪೆಂದಾಳಿಗೆ ಹೇಳುತ್ತಾಳೆ. ನಯವಾಗಿ ಕಂಡಿದ್ದ ತಾಯಿತದ ಚರ್ಮದ ಮೇಲೆ ಸಣ್ಣ ಕುಳಿಗಳು ನೆರಳು ತುಂಬಿಕೊಂಡು ಮೂಡುತ್ತವೆ: ಹಲ್ಲಿನ ಗುರುತುಗಳು.

ಮಧ್ಯಾಹ್ನ ಅರಾಮ್ ತಾಯಿತದ ಚಿತ್ರ ಅಂಟಿಸಿದ ಗೋಡೆಯೆದುರು ನಿಲ್ಲುತ್ತಾಳೆ. ಅವಳ ಬೆರಳು ಆ ಕುಳಿಗಳ ಮೇಲೆ ಹೋಗಿ ನಿಲ್ಲುತ್ತದೆ.

"ಬಲೆ ಎಳೆಯೋವಾಗ ಕಚ್ಕೊಳ್ತಿದ್ದ. ನಾಯಿ ಎಲುಬು ಕಡಿದಂಗೆ ಕಡೀಬೇಡ್ವೋ ಅಂತ ಬೈತಿದ್ದೆ."

"ಕೂತ್ಕೋ ಅಮ್ಮಾ."

"ಕೂರಲ್ಲ. ಮನೇಲಿ ಹುಡುಗಿ ಕಾಯ್ತಿದಾಳೆ."

ಮನೆಯಲ್ಲಿ ಅರಾಮ್ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ವಿಧವೆಗೆ ಸಲ್ಲುವಂತೆ ಅವಳ ಜಡೆಗಳನ್ನು ಒಂದೊಂದಾಗಿ ಬಿಚ್ಚುತ್ತಾಳೆ.

ಇಸ್ಸಾನನ್ನು ದೋಣಿ ಹತ್ತಿಸಿದವರು ನೆಮ್ಮದಿಯಾಗಿದ್ದಾರೆ, ಹುಡುಕಬೇಕಾದವರು ಹುಡುಕಲಿಲ್ಲ. ಸೊಖ್ನಾ ಅವರನ್ನು ಏನೂ ಕೇಳುವುದಿಲ್ಲ. ಅವಳು ಕೇಳುವುದು ನಿಮ್ಮನ್ನು. ದಡದಲ್ಲಿ ಏನೇ ಸಿಕ್ಕರೂ ಒಗೆಯಬೇಡಿ, ಗಂಟು ಬಿಚ್ಚಬೇಡಿ. ಉಪ್ಪು, ಮರಳು, ಮಡಿಕೆ ಸಹಿತ ಹಾಗೆಯೇ ಅವಳ ಕೈಗೆ ತಂದುಕೊಡಿ.